‘ನಾನು’ ‘ನನ್ನದು’: ಮಿದುಳಿನ ಕಾರ್ಯ ಮತ್ತು ಮನೆಯ ಕರ್ತವ್ಯ

ದೇವಾಲಯದಲ್ಲಿ ಸೇವೆಯ ಸಂಕಲ್ಪ ನಡೆಯುವ ವೇಳೆಯನ್ನು ವಾಚಕರು ಒಮ್ಮೆ ಸ್ಮರಿಸಿಕೊಳ್ಳಬೇಕು. ಅರ್ಚಕರು ಗೋತ್ರ, ನಕ್ಷತ್ರ, ರಾಶಿ, ನಾಮಧೇಯಗಳನ್ನು ಒಂದಾದ ಮೇಲೊಂದರಂತೆ ಉಚ್ಚರಿಸುತ್ತ ಹೋಗುತ್ತಾರೆ. ಆರಾಧನೆಯ ದಿನವಾದರೆ ಹೆಸರುಗಳ ಸಂಖ್ಯೆ ನೂರನ್ನು ಮೀರುವುದುಂಟು. ಘಂಟಾನಾದವಿರುತ್ತದೆ, ಮಕ್ಕಳ ಗದ್ದಲವಿರುತ್ತದೆ, ಪಕ್ಕದಲ್ಲಿ ಕುಳಿತವರ ಕುಶಲಪ್ರಶ್ನೆಯೂ ಇರುತ್ತದೆ. ಆದರೂ ತನ್ನ ಗೋತ್ರ, ತನ್ನ ಹೆಸರು ಬಂದೊಡನೆ ಭಕ್ತನ ಕೈಗಳು ತಾವಾಗಿಯೇ ಜೋಡಿಸಿಕೊಳ್ಳುತ್ತವೆ. ಅದಕ್ಕೆ ಹಿಂದಿನ ಹೆಸರು ಯಾವುದೆಂದು ಕೇಳಿದರೆ ಅವನು ಹೇಳಲಾರನು. ನಮ್ಮ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿಯೂ ಇದೇ ಸಂಗತಿ. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಎದುರಿಗಿದ್ದವರ ಮಾತು ಕೇಳುವುದೇ ಕಷ್ಟ. ಆದರೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಮಗ್ಗದ ಮುಂದಿದ್ದವನು ತಿರುಗಿ ನೋಡುತ್ತಾನೆ.

ಕಿವಿಗೆ ಎಲ್ಲ ಹೆಸರುಗಳೂ ಸಮಾನವಾಗಿಯೇ ಬಿದ್ದಿರುವಾಗ ಒಂದು ಹೆಸರು ಮಾತ್ರ ಮನಸ್ಸಿನ ಒಳಗೆ ಪ್ರವೇಶಿಸುವುದು ಹೇಗೆ? ‘ನಾನು’, ‘ನನ್ನದು’ ಎಂಬ ವಿಷಯಗಳನ್ನು ಮಿದುಳು ಬೇರೆಯಾಗಿ ಗ್ರಹಿಸುತ್ತದೆಯೇ? ಮುಪ್ಪಿನಲ್ಲಿ ಅಥವಾ ರೋಗದಲ್ಲಿ ಸ್ಮರಣಶಕ್ತಿ ಕುಂದಿದಾಗ ಆ ‘ನಾನು’ ಏನಾಗುತ್ತದೆ? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲಾಗುವುದು. ಮೂರನೆಯ ಪ್ರಶ್ನೆಯು ಇಂದು ನಮ್ಮ ಅನೇಕ ಮನೆಗಳ ಪ್ರಶ್ನೆಯೂ ಆಗಿರುವುದರಿಂದ ಅದಕ್ಕೆ ಹೆಚ್ಚು ಸ್ಥಳವನ್ನು ಕೊಡಲಾಗಿದೆ.

1. ಹೆಸರಿನ ವಿಶೇಷ

1953ರಲ್ಲಿ ಕಾಲಿನ್ ಚೆರ್ರಿ ಎಂಬ ಆಂಗ್ಲ ವಿಜ್ಞಾನಿಯು ಒಂದು ಪ್ರಯೋಗವನ್ನು ಮಾಡಿದನು. ಒಬ್ಬನ ಬಲಗಿವಿಗೆ ಒಂದು ಮಾತು, ಎಡಗಿವಿಗೆ ಇನ್ನೊಂದು ಮಾತು ಏಕಕಾಲಕ್ಕೆ ಬೀಳುವಂತೆ ಮಾಡಿ, ಒಂದು ಕಿವಿಯ ಮಾತನ್ನು ಮಾತ್ರ ಅನುಸರಿಸಿ ಹೇಳಬೇಕೆಂದು ಸೂಚಿಸಿದನು. ಕೇಳಿದವನಿಗೆ ಇನ್ನೊಂದು ಕಿವಿಯ ಮಾತಿನ ಅರ್ಥ ಬಹುತೇಕ ತಿಳಿಯಲೇ ಇಲ್ಲ. 1959ರಲ್ಲಿ ನೆವಿಲ್ ಮೋರೆ ಎಂಬಾತನು ಇದೇ ಪ್ರಯೋಗವನ್ನು ಮುಂದುವರಿಸಿ, ಗಮನವಿಲ್ಲದ ಕಿವಿಯಲ್ಲಿ ಕೇಳುಗನ ಹೆಸರನ್ನೇ ಸೇರಿಸಿದನು. ಆಗ ಸುಮಾರು ಮೂರರಲ್ಲಿ ಒಂದು ಪಾಲು ಜನ ಅದನ್ನು ಗುರುತಿಸಿದರು. ಉಳಿದ ಮಾತುಗಳೆಲ್ಲ ಹೊರಗೆ ನಿಂತಾಗಲೂ ಹೆಸರು ಒಳಗೆ ಬಂದಿತು.

ಇದರಿಂದ ತಿಳಿಯುವುದೇನೆಂದರೆ, ನಾವು ಗಮನ ಕೊಡುವ ಮೊದಲೇ ಮಿದುಳು ಬಂದ ಸುದ್ದಿಗಳನ್ನು ಒಂದು ಮಟ್ಟದವರೆಗೆ ಪರೀಕ್ಷಿಸುತ್ತಿರುತ್ತದೆ. ಆ ಪರೀಕ್ಷೆಯಲ್ಲಿ ‘ಇದು ನನಗೆ ಸಂಬಂಧಿಸಿದ್ದೇ?’ ಎಂಬ ಪ್ರಶ್ನೆಗೆ ವಿಶೇಷ ಸ್ಥಾನವಿದೆ. ಸ್ಪರ್ಶದ ವಿಷಯದಲ್ಲಿಯೂ ಇಂಥ ವಿಂಗಡಣೆಯುಂಟು. ಪರರು ಕಚಗುಳಿಯಿಟ್ಟರೆ ನಗೆ ಬರುತ್ತದೆ, ನಮ್ಮ ಕೈಯಿಂದ ನಾವೇ ಇಟ್ಟುಕೊಂಡರೆ ಬರುವುದಿಲ್ಲ. ಸ್ವಂತ ಚಲನೆಯಿಂದ ಉಂಟಾಗುವ ಸ್ಪರ್ಶವನ್ನು ಮಿದುಳು ಮೊದಲೇ ಊಹಿಸಿ ಅದರ ತೀವ್ರತೆಯನ್ನು ತಗ್ಗಿಸುವುದೇ ಇದಕ್ಕೆ ಕಾರಣ.

2. ನೆನಪಿನ ಮುದ್ರೆ

ಒಳಗೆ ಬಂದ ವಿಷಯವು ನೆನಪಿನಲ್ಲಿ ನಿಲ್ಲುವುದರಲ್ಲಿಯೂ ಇದೇ ನಿಯಮವು ಕಾಣುತ್ತದೆ. 1977ರಲ್ಲಿ ಕೆನಡಾ ದೇಶದ ರಾಜರ್ಸ್, ಕೈಪರ್, ಕರ್ಕರ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಗುಣವಾಚಕ ಪದಗಳ ಒಂದು ಪಟ್ಟಿಯನ್ನು ತೋರಿಸಿದರು. ಕೆಲವು ಪದಗಳ ಬಗ್ಗೆ ‘ಅಕ್ಷರ ದೊಡ್ಡದೋ ಚಿಕ್ಕದೋ’ ಎಂದು ಕೇಳಿದರು; ಕೆಲವುಗಳ ಬಗ್ಗೆ ‘ಇದಕ್ಕೆ ಪ್ರಾಸ ಹೊಂದುತ್ತದೆಯೇ’ ಎಂದು, ಇನ್ನು ಕೆಲವುಗಳ ಬಗ್ಗೆ ‘ಇದರ ಅರ್ಥ ಅದೇ ಆಗಿದೆಯೇ’ ಎಂದು, ಉಳಿದವುಗಳ ಬಗ್ಗೆ ‘ಈ ಗುಣ ನಿನ್ನಲ್ಲಿದೆಯೇ’ ಎಂದು ಕೇಳಿದರು. ಅನಂತರ ಅನಿರೀಕ್ಷಿತವಾಗಿ, ನೆನಪಿರುವಷ್ಟು ಪದಗಳನ್ನು ಬರೆಯಿರಿ ಎಂದರು. ತನ್ನಲ್ಲಿ ಇದೆಯೇ ಇಲ್ಲವೇ ಎಂದು ಯೋಚಿಸಿದ ಪದಗಳೇ ಹೆಚ್ಚಾಗಿ ನೆನಪಿನಲ್ಲಿ ಉಳಿದಿದ್ದವು. ‘ಇಲ್ಲ’ ಎಂದು ಉತ್ತರ ಕೊಡಬೇಕಾದರೂ ಒಮ್ಮೆ ತನ್ನನ್ನು ನೋಡಿಕೊಳ್ಳಲೇಬೇಕಷ್ಟೆ. ಆ ನಂತರ ಅನೇಕ ಕಡೆಗಳಲ್ಲಿ ನಡೆದ ಪ್ರಯೋಗಗಳು ಈ ಫಲವನ್ನೇ ದೃಢಪಡಿಸಿವೆ.

ಪಾಠಶಾಲೆಯಲ್ಲಿ ಕಲಿತವರಿಗೆ ಇದು ಹೊಸ ಮಾತಲ್ಲ. ಧರ್ಮಶಾಸ್ತ್ರದ ನಿಯಮವನ್ನು ಗ್ರಂಥದಲ್ಲಿ ಓದಿದ ವಿದ್ಯಾರ್ಥಿಯು ಅದನ್ನು ಮರೆಯಬಹುದು. ‘ನಾಳೆ ನಿಮ್ಮ ಮನೆಯ ಶ್ರಾದ್ಧದಲ್ಲಿ ಇದನ್ನು ಹೇಗೆ ನಡೆಸುವೆ?’ ಎಂದು ಗುರುಗಳು ಕೇಳಿದ ಮೇಲೆ ಮರೆಯಲಾರನು. ಮಕ್ಕಳಿಗೆ ಪಾಠ ಹೇಳುವ ತಾಯ್ತಂದೆಯರು ಇದನ್ನು ಬಳಸಿಕೊಳ್ಳಬಹುದು. ಕೃಷ್ಣಾ ನದಿಯ ಪಾಠವನ್ನು ‘ನೀನು ಸ್ನಾನ ಮಾಡಿದ ನದಿ’ ಎಂದು ಆರಂಭಿಸಿದರೆ ಅದು ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ.

3. ಮಿದುಳಿನಲ್ಲಿ ಇದರ ನೆಲೆ

ಮಾನವನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಅದು ದೇಹದ ತೂಕದ ನೂರರಲ್ಲಿ ಎರಡು ಭಾಗವಾದರೂ ದೇಹವು ವಿಶ್ರಾಂತಿಯಲ್ಲಿ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಬಳಸುತ್ತದೆ. ಅದರೊಳಗೆ ಸುಮಾರು 8,600 ಕೋಟಿ ನರಕೋಶಗಳಿವೆ. ಕಾಂತಕ್ಷೇತ್ರದ ಯಂತ್ರಗಳಿಂದ ಮಿದುಳಿನ ಯಾವ ಭಾಗದಲ್ಲಿ ರಕ್ತಸಂಚಾರ ಹೆಚ್ಚುತ್ತದೆ ಎಂಬುದನ್ನು ಈಗ ನೋಡಬಹುದಾಗಿದೆ. 2002ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಜನರಿಗೆ ಒಂದೊಂದು ಗುಣವನ್ನು ಹೇಳಿ, ಅದು ತಮ್ಮಲ್ಲಿದೆಯೇ ಎಂದೂ ಆಗಿನ ರಾಷ್ಟ್ರಾಧ್ಯಕ್ಷರಲ್ಲಿದೆಯೇ ಎಂದೂ ಕೇಳಲಾಯಿತು. ತಮ್ಮ ವಿಷಯ ಬಂದಾಗ, ಹಣೆಯ ಹಿಂದೆ ಮಿದುಳಿನ ಎರಡು ಅರ್ಧಗಳು ಒಂದಕ್ಕೊಂದು ಎದುರಾಗಿರುವ ಮಧ್ಯಭಾಗದ ನಡತೆ ಬೇರೆಯಾಗಿ ಕಂಡಿತು.

ಇದಕ್ಕೆ ಒಂದು ವರ್ಷ ಮೊದಲು, 2001ರಲ್ಲಿ, ಮಾರ್ಕಸ್ ರೇಕಲ್ ಎಂಬ ವಿಜ್ಞಾನಿಯು ಇನ್ನೊಂದು ಸಂಗತಿಯನ್ನು ಪ್ರಕಟಿಸಿದ್ದನು. ಮನುಷ್ಯನು ಯಾವ ಕೆಲಸವನ್ನೂ ಮಾಡದೆ ಸುಮ್ಮನಿರುವಾಗ ಮಿದುಳು ಸುಮ್ಮನಿರುವುದಿಲ್ಲ. ಮೇಲೆ ಹೇಳಿದ ಮುಂಭಾಗವೂ ಅದಕ್ಕೆ ಸಂಬಂಧಪಟ್ಟ ಹಿಂಭಾಗದ ಕೆಲವು ಸ್ಥಾನಗಳೂ ಆಗ ಕಾರ್ಯನಿರತವಾಗಿರುತ್ತವೆ. ಹೊರಗಿನ ಕೆಲಸ ಆರಂಭವಾದೊಡನೆ ಅವು ತಗ್ಗುತ್ತವೆ. ಆ ಬಿಡುವಿನಲ್ಲಿ ಮನಸ್ಸು ಮಾಡುವುದೇನು? ನಿನ್ನೆ ನನಗೆ ಅವರು ಹೇಳಿದ್ದು, ನಾಳೆ ನನಗೆ ಆಗಬೇಕಾದದ್ದು, ನನ್ನ ಮಗಳ ಮದುವೆ, ನನ್ನ ಹೊಲದ ಬೆಳೆ. ಜಪಕ್ಕೆ ಕುಳಿತವರಿಗೆಲ್ಲ ಈ ಅನುಭವ ಉಂಟು. ಕಣ್ಣು ಮುಚ್ಚಿದ ಕೂಡಲೇ ಮನೆಯ ಲೆಕ್ಕವು ಎದುರಿಗೆ ಬಂದು ನಿಲ್ಲುವುದು ಒಬ್ಬರ ದೌರ್ಬಲ್ಯವಲ್ಲ, ಮಿದುಳಿನ ಸಹಜವೃತ್ತಿಯೇ ಹಾಗಿದೆ.

‘ನಾನು’ ಎಂಬುದಕ್ಕೆ ಮಿದುಳಿನಲ್ಲಿ ಒಂದೇ ಕೋಣೆ ಇದೆಯೆಂದು ಮಾತ್ರ ತಿಳಿಯಬಾರದು. ದೇಹದ ಒಳಗಿನ ಹಸಿವು, ಹೃದಯಸ್ಪಂದನಗಳ ಅರಿವು ಒಂದು ಕಡೆ. ಅಂಗಾಂಗಗಳ ಎಲ್ಲೆಯ ಅರಿವು ಇನ್ನೊಂದು ಕಡೆ. ಜೀವನದ ಘಟನೆಗಳ ಸ್ಮರಣೆಗೆ ಹಿಪ್ಪೊಕ್ಯಾಂಪಸ್ ಎಂಬ ಭಾಗ. ನಡೆದು ನಡೆದು ಕೈಗೂಡಿದ ಅಭ್ಯಾಸಗಳಿಗೆ ಮಿದುಳಿನ ಆಳದ ಬೇರೆ ಭಾಗಗಳು. ನಮ್ಮೂರಿನ ಸೀರೆಯಂತೆ ಇದು ಅನೇಕ ಎಳೆಗಳ ಹಾಸುಹೊಕ್ಕು. ಒಂದೆಳೆ ಕಡಿದರೂ ಬಟ್ಟೆ ಬಟ್ಟೆಯಾಗಿಯೇ ಇರುತ್ತದೆ. ಮುಂದಿನ ವಿಚಾರಕ್ಕೆ ಈ ಅಂಶವು ಆಧಾರ.

4. ‘ನನ್ನದು’ ಎಂಬುದರ ವಿಸ್ತಾರ

ಅಹಂಕಾರದ ಜೊತೆಗೆ ಮಮಕಾರವನ್ನೂ ಹಿರಿಯರು ಹೇಳಿದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನೀಯರನ್ನೂ ಪಾಶ್ಚಾತ್ಯರನ್ನೂ ಪರೀಕ್ಷಿಸಿದರು. ತನ್ನ ಗುಣವನ್ನು ಯೋಚಿಸುವಾಗ ಇಬ್ಬರಲ್ಲಿಯೂ ಹಣೆಯ ಹಿಂದಿನ ಆ ಮಧ್ಯಭಾಗವು ಚುರುಕಾಯಿತು. ತಾಯಿಯ ಗುಣವನ್ನು ಯೋಚಿಸುವಾಗ ಅದೇ ಭಾಗವು ಚೀನೀಯರಲ್ಲಿ ಚುರುಕಾಯಿತು, ಪಾಶ್ಚಾತ್ಯರಲ್ಲಿ ಹಾಗೆ ಕಾಣಲಿಲ್ಲ. ಪರೀಕ್ಷೆಗೆ ಒಳಗಾದವರು ಕೆಲವೇ ಜನರಾದುದರಿಂದ ಇದನ್ನು ಸಾರ್ವತ್ರಿಕ ಸಿದ್ಧಾಂತವೆನ್ನಲಾಗದು. ಆದರೆ ‘ನಾನು’ ಎಂಬುದರ ಎಲ್ಲೆಯು ಬೆಳೆದ ಮನೆಗೆ ತಕ್ಕಂತೆ ಹಿಗ್ಗುವುದು ಸಾಧ್ಯವೆಂಬ ಸೂಚನೆ ಇದರಲ್ಲಿದೆ. ಹೆತ್ತವರಿಗೆ ಹೆಗ್ಗಣವೂ ಮುದ್ದೆಂಬ ನಮ್ಮ ಗಾದೆಯೂ ಈ ವಿಸ್ತಾರವನ್ನೇ ಹೇಳುತ್ತದೆ.

ಮಮಕಾರದಿಂದ ತಪ್ಪು ಲೆಕ್ಕವೂ ಹುಟ್ಟುತ್ತದೆ. 1979ರಲ್ಲಿ ರಾಸ್ ಮತ್ತು ಸಿಕೊಲಿ ಎಂಬ ಇಬ್ಬರು ಸಂಶೋಧಕರು ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೂರಿಸಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟು ಎಂದು ಕೇಳಿದರು. ಇಬ್ಬರ ಪಾಲನ್ನು ಕೂಡಿಸಿದರೆ ಬಹುಪಾಲು ಕೆಲಸಗಳಲ್ಲಿ ಮೊತ್ತವು ನೂರನ್ನು ಮೀರಿತು. ಅವರು ಸುಳ್ಳು ಹೇಳಿದರೆಂದಲ್ಲ; ತಾನು ಮಾಡಿದ್ದು ನೆನಪಿಗೆ ಬೇಗ ಬರುತ್ತದೆ, ಇನ್ನೊಬ್ಬರು ಮಾಡಿದ್ದು ಬರುವುದಿಲ್ಲ. ಅಣ್ಣತಮ್ಮಂದಿರು ಆಸ್ತಿಯ ಪಾಲಿಗೆ ಕುಳಿತಾಗ ‘ತಂದೆಯ ಔಷಧೋಪಚಾರವನ್ನೆಲ್ಲ ನಾನೇ ನೋಡಿದೆ’ ಎಂದು ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುವುದನ್ನು ನಾವು ಕಂಡಿದ್ದೇವೆ. ಇಂಥ ವೇಳೆಯಲ್ಲಿ ಎದುರಿನವನು ಅಪ್ರಾಮಾಣಿಕನೆಂದು ತೀರ್ಮಾನಿಸುವ ಮುನ್ನ, ನನ್ನ ನೆನಪಿನ ತಕ್ಕಡಿಯು ನನ್ನ ಕಡೆಗೇ ವಾಲಿರಬಹುದೆಂದು ಎಣಿಸುವುದು ವಿವೇಕ.

5. ಶಾಸ್ತ್ರದೃಷ್ಟಿ

ಇಲ್ಲಿ ಆಸ್ತಿಕರಿಗೆ ಒಂದು ಶಂಕೆ ಏಳುವುದು ಸಹಜ. ‘ನಾನು’ ಎಂಬ ಅರಿವೆಲ್ಲ ಮಿದುಳಿನ ಕಾರ್ಯವೇ ಆದರೆ, ಮಿದುಳು ಕೆಟ್ಟಾಗ ‘ನಾನು’ ಎಂಬುವನೇ ಇಲ್ಲವಾಗುತ್ತಾನೆಯೇ?

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಇಂದ್ರಿಯಗಳು ಏಳು. ಐದು ಜ್ಞಾನೇಂದ್ರಿಯಗಳು, ಆರನೆಯದು ಮನಸ್ಸು, ಏಳನೆಯದು ಸಾಕ್ಷಿ. ಮೊದಲ ಆರು ಪ್ರಾಕೃತಗಳು, ಅವುಗಳಲ್ಲಿ ದೋಷವುಂಟಾಗಬಹುದು. ಸಾಕ್ಷಿಯಾದರೋ ಜೀವನ ಸ್ವರೂಪಭೂತವಾದ ಇಂದ್ರಿಯ. ಆತ್ಮಸ್ವರೂಪ, ಸುಖದುಃಖಗಳು, ಕಾಲ ಮೊದಲಾದವು ಅದಕ್ಕೆ ನೇರವಾಗಿ ಗೋಚರಿಸುತ್ತವೆ. ಗಾಢನಿದ್ರೆಯಿಂದ ಎದ್ದವನು ‘ನಾನು ಸುಖವಾಗಿ ನಿದ್ರಿಸಿದೆ’ ಎನ್ನುತ್ತಾನೆ. ಹೊರಗಿನ ಇಂದ್ರಿಯಗಳೂ ಮನಸ್ಸೂ ವಿರಮಿಸಿದ್ದಾಗಲೂ ‘ನಾನು’ ಎಂಬ ಅನುಭವವಿತ್ತೆಂಬುದಕ್ಕೆ ನಮ್ಮ ಆಚಾರ್ಯರು ಇದನ್ನು ದೃಷ್ಟಾಂತವಾಗಿ ಕೊಡುತ್ತಾರೆ.

ಸ್ಮರಣೆಯ ವಿಷಯದಲ್ಲಿ ಶ್ರೀ ಜಯತೀರ್ಥರ ಪ್ರಮಾಣಪದ್ಧತಿಯ ನಿರೂಪಣೆಯು ಇಲ್ಲಿ ಬಹಳ ಉಪಯುಕ್ತವಾದುದು. ಸ್ಮೃತಿಯು ಮನಸ್ಸಿನಿಂದ ಹುಟ್ಟುವ ಜ್ಞಾನ; ಹಿಂದಿನ ಅನುಭವದ ಸಂಸ್ಕಾರವು ಅದಕ್ಕೆ ದ್ವಾರ. ಹೀಗೆ ನೆನಪು ಮನಸ್ಸಿನ ವಿಷಯ, ಆತ್ಮಾನುಭವವು ಸಾಕ್ಷಿಯ ವಿಷಯ ಎಂದು ಎರಡಕ್ಕೂ ಬೇರೆ ಬೇರೆ ಸ್ಥಾನವನ್ನು ಶಾಸ್ತ್ರವು ಕೊಟ್ಟಿದೆ.

ವಿಜ್ಞಾನಿಗಳ ಯಂತ್ರವು ಸಾಕ್ಷಿಯನ್ನು ಸಾಧಿಸಿತೆಂದು ಹೇಳುವುದು ಸರಿಯಲ್ಲ. ಅಲ್ಲಗಳೆಯಿತೆಂದು ಹೇಳುವುದೂ ಸರಿಯಲ್ಲ. ಕಣ್ಣಿನ ಗೋಲಕವು ಚಕ್ಷುರಿಂದ್ರಿಯಕ್ಕೆ ಆಶ್ರಯವಾದಂತೆ, ಸ್ಥೂಲದೇಹದಲ್ಲಿ ಮನಸ್ಸಿನ ಕಾರ್ಯಕ್ಕೆ ಮಿದುಳು ಆಶ್ರಯವೆಂದು ತಿಳಿದರೆ ಸಾಕು. ಗೋಲಕಕ್ಕೆ ಪೊರೆ ಬಂದರೆ ನೋಟ ಮಸುಕಾಗುತ್ತದೆ, ನೋಡುವವನು ಅಳಿಯುವುದಿಲ್ಲ. ವೈದ್ಯನು ಪೊರೆಯನ್ನು ನೋಡುತ್ತಾನೆ. ಮನೆಯವರು ನೋಡುವವನನ್ನು ಮರೆಯಬಾರದು.

6. ನೆನಪು ನಶಿಸಿದಾಗ

1981ರಲ್ಲಿ ಕೆನಡಾದ ಕೆಂಟ್ ಕೊಕ್ರೇನ್ ಎಂಬ ತರುಣನು ಮೋಟಾರ್ ಸೈಕಲ್ ಅಪಘಾತಕ್ಕೆ ಒಳಗಾಗಿ, ತನ್ನ ಜೀವನದ ಯಾವ ಘಟನೆಯನ್ನೂ ನೆನೆಯಲಾರದವನಾದನು. ಎಂಡೆಲ್ ಟುಲ್ವಿಂಗ್ ಎಂಬ ವಿದ್ವಾಂಸನು ಅವನನ್ನು ಬಹುಕಾಲ ಪರೀಕ್ಷಿಸಿದನು. ಅಪಘಾತದ ನಂತರ ಅವನ ಸ್ವಭಾವವೂ ಬದಲಾಗಿತ್ತು. ನೀನು ಎಂಥವನು ಎಂದು ಕೇಳಿದಾಗ ಅವನು ಕೊಟ್ಟ ಉತ್ತರವು, ಅವನ ಈಗಿನ ಸ್ವಭಾವದ ಬಗ್ಗೆ ತಾಯಿಯು ಕೊಟ್ಟ ಉತ್ತರಕ್ಕೆ ಹೊಂದುತ್ತಿತ್ತು. ಒಂದು ಘಟನೆಯೂ ನೆನಪಿಲ್ಲದಿದ್ದರೂ ತಾನು ಎಂಥವನೆಂಬುದನ್ನು ಅವನು ಬಲ್ಲವನಾಗಿದ್ದನು.

ಮರೆವಿನ ರೋಗಗಳಲ್ಲಿ ಹೆಚ್ಚು ಪರಿಚಿತವಾದ ಆಲ್ಜೈಮರ್ ಕಾಯಿಲೆಯ ಮೊದಲ ವರದಿಯನ್ನು ಜರ್ಮನ್ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಮಂಡಿಸಿದನು. 1901ರಲ್ಲಿ ಅವನು ಕಂಡ ರೋಗಿ ಆಗುಸ್ಟೆ ಎಂಬ ಸ್ತ್ರೀ. ಹೆಸರೇನೆಂದು ಕೇಳಿದಾಗ ಆಕೆ ಸರಿಯಾಗಿ ಹೇಳಿದಳು. ಗಂಡನ ಹೆಸರೇನೆಂದು ಕೇಳಿದಾಗಲೂ ತನ್ನ ಹೆಸರನ್ನೇ ಹೇಳಿದಳು. ಉಳಿದವೆಲ್ಲ ಜಾರುತ್ತಿರುವಾಗ ಕೈಗೆ ಸಿಕ್ಕಿದ್ದು ಆ ಒಂದು ಎಳೆ. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ನೂರಕ್ಕೆ 7.4ರಷ್ಟು ಜನರು, ಅಂದರೆ ಸುಮಾರು 88 ಲಕ್ಷ ಮಂದಿ, ಒಂದಿಲ್ಲೊಂದು ಬಗೆಯ ಮರೆವಿನ ರೋಗದಿಂದ ಬಳಲುತ್ತಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ.

ಈ ರೋಗದಲ್ಲಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಬಹುಕಾಲ ಉಳಿಯುತ್ತವೆ. ಆರೋಗ್ಯವಂತರಾದ ವೃದ್ಧರಲ್ಲಿಯೂ ಹತ್ತರಿಂದ ಮೂವತ್ತು ವರ್ಷದೊಳಗಿನ ಜೀವನದ ನೆನಪುಗಳೇ ವಿಶೇಷವಾಗಿ ಹೆಚ್ಚು. ಆಲ್ಜೈಮರ್ ರೋಗಿಯೊಬ್ಬರ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದುದು ಇದು: ಆಕೆ ರೋಗಕ್ಕೆ ಮುಂಚಿನ ತನ್ನ ಸ್ವಭಾವವನ್ನು ಸರಿಯಾಗಿ ವರ್ಣಿಸಬಲ್ಲವಳಾಗಿದ್ದಳು, ಈಗಿನ ಬದಲಾವಣೆ ಮಾತ್ರ ಆಕೆಗೆ ತಿಳಿದಿರಲಿಲ್ಲ. ಎಂಬತ್ತೈದರ ಹಿರಿಯರು ನಸುಕಿನಲ್ಲಿ ಎದ್ದು ‘ಪೂಜೆಗೆ ಹೊತ್ತಾಯಿತು, ಬಾಗಿಲು ತೆರೆಯಿರಿ’ ಎಂದು ಒತ್ತಾಯಿಸುವುದರ ರಹಸ್ಯ ಇದೇ ಆಗಿರಬಹುದು. ಅವರ ಪಾಲಿಗೆ ಅವರು ನಲವತ್ತರ ಅರ್ಚಕರು. ಎದುರಿಗೆ ನಿಂತ ಐವತ್ತರ ಮಗನು ಅವರಿಗೆ ಅಪರಿಚಿತನಾಗಿ ಕಂಡರೆ ಅದು ಪ್ರೀತಿಯ ಅಭಾವವಲ್ಲ. ಅವರು ಹುಡುಕುತ್ತಿರುವ ಮಗನಿಗೆ ಇನ್ನೂ ಐದು ವರ್ಷ.

ಅಭ್ಯಾಸದ ಎಳೆಯೂ ಗಟ್ಟಿ. ಮೊಮ್ಮಗನ ಹೆಸರು ಮರೆತವರು ಉಪನಯನದಿಂದ ನಿತ್ಯವೂ ಹೇಳಿದ ಅಭಿವಾದನವನ್ನು ಪ್ರವರ, ಗೋತ್ರ, ಸೂತ್ರ, ಶಾಖೆಗಳೊಡನೆ ತಡೆಯಿಲ್ಲದೆ ಹೇಳುವುದುಂಟು. ಆ ಸಾಲಿನ ಕೊನೆಯಲ್ಲಿ ಅವರ ಹೆಸರಿದೆ ಎಂಬುದನ್ನು ಗಮನಿಸಬೇಕು.

7. ಗೃಹಸ್ಥರು ಮಾಡಬೇಕಾದುದು

ಮೊದಲನೆಯದಾಗಿ, ‘ವಯಸ್ಸಾಯಿತು, ಅರಳು ಮರಳು’ ಎಂದು ಕೈಬಿಡದೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಿಗಳು, ಬಿ-12 ಜೀವಸತ್ವದ ಕೊರತೆ ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯುಂಟು. ಬಿ-12 ಸಸ್ಯಾಹಾರದಲ್ಲಿ ಮುಖ್ಯವಾಗಿ ಹಾಲು ಮೊಸರುಗಳಿಂದ ಸಿಕ್ಕುವುದರಿಂದಲೂ, ಮುಪ್ಪಿನಲ್ಲಿ ಅದರ ಹೀರಿಕೆ ಕುಗ್ಗುವುದರಿಂದಲೂ ನಮ್ಮ ಮನೆಗಳ ಹಿರಿಯರಿಗೆ ಈ ರಕ್ತಪರೀಕ್ಷೆ ಅವಶ್ಯ. ಬೆಂಗಳೂರಿನಲ್ಲಿ 1974ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯು ಇಂಥ ರೋಗಗಳಿಗೆ ನಾಡಿನ ಮುಖ್ಯ ಆಶ್ರಯ. ಅದರ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರಲ್ಲಿ ಮಿದುಳಿನ ಆರೋಗ್ಯಕ್ಕಾಗಿ ಒಂದು ಕಾರ್ಯಕ್ರಮವನ್ನೂ ಆರಂಭಿಸಿತು.

ಎರಡನೆಯದಾಗಿ, ‘ನಾನು ಯಾರು, ಹೇಳಿ ನೋಡೋಣ’ ಎಂದು ಹಿರಿಯರನ್ನು ಪರೀಕ್ಷಿಸಬಾರದು. ಬಂದ ನೆಂಟರ ಮುಂದಂತೂ ಸರ್ವಥಾ ಕೂಡದು. ಉತ್ತರ ಬಾರದಿದ್ದಾಗ ಆಗುವ ಅವಮಾನದ ಕಾರಣವನ್ನು ಅವರು ಮರೆಯಬಹುದು, ನೋವು ಉಳಿಯುತ್ತದೆ. ‘ನಾನು ನಿಮ್ಮ ಎರಡನೆಯ ಮಗಳು, ಮುಧೋಳದಿಂದ ಬಂದಿದ್ದೇನೆ’ ಎಂದು ನಾವೇ ಹೇಳಿಕೊಂಡರೆ ನಮಗೆ ನಷ್ಟವೇನು? ಅವರನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು ಗೊತ್ತಿದ್ದರೆ ಪ್ರೀತಿಯಿಂದ ಆ ಹೆಸರನ್ನೂ ಬಳಸಬಹುದು.

ಮೂರನೆಯದಾಗಿ, ಕೈ ಬಲ್ಲ ಕೆಲಸವನ್ನು ಕೈಯಿಂದ ಕಿತ್ತುಕೊಳ್ಳಬಾರದು. ಹೂಬತ್ತಿ ಹೊಸೆಯುವುದು, ತುಲಸಿಯ ಮಾಲೆ ಕಟ್ಟುವುದು, ಗಂಧ ತೇಯುವುದು, ಮಗ್ಗದ ಮನೆಯವರಾದರೆ ಕಂಡಿಕೆ ಸುತ್ತುವುದು. ಕೆಲಸ ಓರೆಕೋರೆಯಾದರೂ ಚಿಂತೆಯಿಲ್ಲ. ಮಾಡುವಷ್ಟು ಹೊತ್ತು ಅವರು ತಾವಾಗಿರುತ್ತಾರೆ.

ನಾಲ್ಕನೆಯದು ಆಚಾರದ ವಿಷಯ. ಸಂಧ್ಯಾವಂದನೆ ಆಯಿತೋ ಇಲ್ಲವೋ ಎಂದು ಮರೆತು ಎರಡೆರಡು ಸಲ ಕುಳಿತರೆ, ಏಕಾದಶಿಯೆಂದು ತಿಳಿಯದೆ ಅನ್ನವನ್ನು ಕೇಳಿದರೆ ಗದರಿಸುವುದನ್ನು ಕೆಲವು ಮನೆಗಳಲ್ಲಿ ಕಾಣುತ್ತೇವೆ. ಬಾಲ, ವೃದ್ಧ, ಆತುರರಿಗೆ ಶಾಸ್ತ್ರವೇ ಅನುಕಲ್ಪವನ್ನು ಹೇಳಿದೆ. ಸಂದೇಹವಿದ್ದವರು ವಿದ್ವಾಂಸರನ್ನು ಕೇಳಿ ನಡೆಯಲಿ. ಗದರಿಕೆಗೆ ಮಾತ್ರ ಯಾವ ಶಾಸ್ತ್ರದ ಬೆಂಬಲವೂ ಇಲ್ಲ.

ಐದನೆಯದಾಗಿ, ಆರೈಕೆಯ ಭಾರವನ್ನು ಹಂಚಿಕೊಳ್ಳಬೇಕು. ಸಾಮಾನ್ಯವಾಗಿ ಅದು ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಮೇಲೆ ಬೀಳುತ್ತದೆ. ರಾತ್ರಿ ನಿದ್ರೆಯಿಲ್ಲದೆ, ಹೊಗಳಿಕೆಯೂ ಇಲ್ಲದೆ ವರ್ಷಗಟ್ಟಲೆ ಸೇವೆ ಮಾಡುವ ಆಕೆಯ ಪಾಲು ಉಳಿದವರ ನೆನಪಿನ ಲೆಕ್ಕದಲ್ಲಿ ಬಹಳ ಕಡಿಮೆ ಕಾಣುತ್ತದೆ. ನಾಲ್ಕನೆಯ ಭಾಗದಲ್ಲಿ ಹೇಳಿದ ದೋಷವೇ ಇದು. ವಾರಕ್ಕೆ ಎರಡು ದಿನವಾದರೂ ಬೇರೆಯವರು ಸರದಿ ವಹಿಸಲಿ.

ಕೊನೆಯದಾಗಿ, ಮನೆಯ ಹಿರಿಯರು ಇನ್ನೂ ಚೆನ್ನಾಗಿರುವಾಗಲೇ ಅವರ ಜೀವನದ ಸಂಗತಿಗಳನ್ನು ಕೇಳಿ ಬರೆದಿಡಬೇಕು: ಹುಟ್ಟಿದ ಊರು, ಓದಿದ ಗುರುಗಳು, ಇಷ್ಟವಾದ ದೇವರನಾಮ, ಪ್ರೀತಿಯ ತಿಂಡಿ, ಹೆದರಿಕೆಯ ವಸ್ತು. ಮುಂದೊಂದು ದಿನ ಅವರ ‘ನಾನು’ ಎಂಬುದಕ್ಕೆ ಅವರಲ್ಲೇ ಆಧಾರ ಸಿಕ್ಕದಿದ್ದಾಗ ಮನೆಯವರು ಅದನ್ನು ತಮ್ಮ ನೆನಪಿನಿಂದ ಒದಗಿಸಿಕೊಡಬಹುದು. ನಾವು ಮಗುವಾಗಿದ್ದಾಗ ನಮ್ಮ ಹೆಸರನ್ನು ನಮಗಿಂತ ಮೊದಲು ಅರಿತವರು ಅವರೇ. ಸಾವಿರ ಸಲ ಕರೆದು ಕರೆದು ‘ಅದು ನೀನೇ’ ಎಂದು ಕಲಿಸಿದವರೂ ಅವರೇ. ಆ ಋಣವನ್ನು ಅದೇ ರೀತಿಯಲ್ಲಿ ತೀರಿಸುವ ಅವಕಾಶವು ಒದಗಿದಾಗ ಬೇಸರಪಡಬಾರದು.

॥ ಶ್ರೀಕೃಷ್ಣಾರ್ಪಣಮಸ್ತು ॥